ಹೋದ ಪೀಳಿಗೆಯಲ್ಲಿದ್ದ ತುಕ್ಕು ನಿರೋಧಕತೆ ಈಗ ಎಲ್ಲಿ ಹೋಯಿತು? ಗೋಧಿ–ಕಾಡುಹುಲ್ಲು ಮಿಶ್ರತಳಿಯ ದೋಷ ಹುಡುಕುವ ಬಗೆ

ನಿಮ್ಮ ಕೈಯಲ್ಲಿ ಒಂದು ಗಿಡ ಇದೆ ಅಂದುಕೊಳ್ಳಿ. ಗೋಧಿಯನ್ನು ಅದರ ಕಾಡು ಬಂಧುವಿನ ಜೊತೆ ಕೂಡಿಸಿ, ಆಮೇಲೆ ಎರಡು ಸಲ ಗೋಧಿಗೇ ಬ್ಯಾಕ್‌ಕ್ರಾಸ್ ಮಾಡಿ (ಮತ್ತೆ ಗೋಧಿಯ ಜೊತೆಗೇ ಕೂಡಿಸಿ) ಪಡೆದದ್ದು. ಸುತ್ತಲಿನ ಗಿಡಗಳ ಎಲೆಯೆಲ್ಲ ತುಕ್ಕು ಎಂಬ ಶಿಲೀಂಧ್ರ ರೋಗ ಹಿಡಿದಿದ್ದರೂ ಇದರ ಎಲೆ ಹಸಿರಾಗೇ ಇದೆ. ಸೆಲ್ಫ್ ಮಾಡಿ, ಅಂದರೆ ಅದರದೇ ಪರಾಗದಿಂದ, ಬೀಜ ತೆಗೆದಿರಿ, ಬಿತ್ತಿದಿರಿ. 80 ಗಿಡ ಬಂದವು. ಒಂದು ಪ್ರಬಲ ಜೀನ್ ಇದ್ದರೆ 60 ಗಿಡ ತುಕ್ಕು ತಡೆಯಬೇಕಿತ್ತು. ತಡೆದದ್ದು 22 ಮಾತ್ರ. ಅದರ ಮುಂದಿನ ಪೀಳಿಗೆಯಲ್ಲಿ ಇನ್ನೂ ಕಡಿಮೆ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ತುಕ್ಕಿನ ಪರೀಕ್ಷೆಯನ್ನೇ ದೂರುತ್ತಾರೆ. ಬೀಜ ಬೆರೆಕೆಯಾಗಿದೆ, ಮಾರ್ಕರ್ (ಜೀನ್ ಇದೆಯೇ ಎಂದು ತೋರಿಸುವ ಡಿಎನ್‌ಎ ಗುರುತು) ಸರಿ ಇಲ್ಲ ಅನ್ನುತ್ತಾರೆ. ಅವೂ ಇರಬಹುದು. ಆದರೆ ಕಾಡುಹುಲ್ಲಿನ ತಳಿಗಳಲ್ಲಿ ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಬೇರೆಯೇ. ಜೀನ್ ಗಿಡದೊಳಗೆ ಬರುವುದು ಬೇರೆ, ಗೋಧಿಯ ವರ್ಣತಂತುವಿನೊಳಗೆ ಸೇರಿಕೊಳ್ಳುವುದು ಬೇರೆ. ಬಂದಿದೆ, ಆದರೆ ಸೇರಿಲ್ಲ. ಈ ಬರಹದಲ್ಲಿ ಹುಡುಕುವುದೆಲ್ಲ ಆ ವ್ಯತ್ಯಾಸವನ್ನೇ.

ಯಾಕೆ ಹೀಗಾಗುತ್ತದೆ

ರೊಟ್ಟಿ ಗೋಧಿಗೆ 42 ವರ್ಣತಂತುಗಳು. ಎ, ಬಿ, ಡಿ ಎಂಬ ಮೂರು ಗುಂಪು, ಒಂದೊಂದರಲ್ಲೂ 7 ಜೋಡಿ. ಮೂರೂ ಗುಂಪುಗಳು ಹತ್ತಿರದ ನೆಂಟರು. ಆದರೂ ಮಿಯೋಸಿಸ್ (ಅಂಡ, ಪರಾಗ ತಯಾರಾಗುವ ಕೋಶ ವಿಭಜನೆ) ಹೊತ್ತಲ್ಲಿ 1ಎ, ಅಂದರೆ ಎ ಗುಂಪಿನ ಮೊದಲನೆಯದು, ಹೋಗಿ 1ಬಿ ಜೊತೆ ಜೋಡಿಯಾಗುವುದಿಲ್ಲ. ಈ ಶಿಸ್ತನ್ನು ಕಾಯುವುದು 5ಬಿ ವರ್ಣತಂತುವಿನ ಎರಡು ಭಾಗಗಳಲ್ಲಿ ಉದ್ದದ್ದರಲ್ಲಿ, ಅಂದರೆ ಉದ್ದ ತೋಳಿನಲ್ಲಿರುವ ಪಿಎಚ್1 ಜೀನ್. 1958ರಲ್ಲಿ ಇಂಗ್ಲೆಂಡಿನಲ್ಲಿ ರೈಲಿ ಮತ್ತು ಚಾಪ್‌ಮನ್, ಅಮೆರಿಕದಲ್ಲಿ ಸಿಯರ್ಸ್ ಮತ್ತು ಒಕಮೊಟೊ ಬೇರೆ ಬೇರೆಯಾಗಿಯೇ ಇದನ್ನು ವಿವರಿಸಿದರು. ಗೋಧಿ ಫಲವತ್ತಾಗಿ ಉಳಿದಿರುವುದೇ ಈ ಕಾವಲಿನಿಂದ. ನಮ್ಮ ಕೆಲಸಕ್ಕೆ ಅಡ್ಡ ಬರುವುದೂ ಇದೇ. ಗೋಧಿಗೆ ಅದರ ನೆಂಟ ಧಾನ್ಯ ರೈ ಕೂಡಿಸಿದ ಮೊದಲ ಪೀಳಿಗೆಯ ಗಿಡದಲ್ಲಿ 28 ವರ್ಣತಂತುಗಳಿರುತ್ತವೆ. ಹೆಚ್ಚುಕಡಿಮೆ ಎಲ್ಲವೂ ಒಂಟಿ. ಜೋಡಿ ಸಿಗದ ವರ್ಣತಂತು ಗೋಧಿಯ ಜೊತೆ ತುಂಡು ಬದಲಿಸಿಕೊಳ್ಳುವುದಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಇಡಿಯಾಗಿ ಹೋಗುತ್ತದೆ, ಇಲ್ಲವೇ ಇಡಿಯಾಗಿ ಕಳೆದುಹೋಗುತ್ತದೆ.

ಅದಕ್ಕೂ ಮುಂಚೆ: ಇದು ನಿಜವಾಗಿ ಮಿಶ್ರತಳಿಯೇ?

ಇದನ್ನು ಬೇಗ ಮುಗಿಸಿಬಿಡೋಣ. ಸಂಕರಕ್ಕೆ ಮುಂಚೆ ತಾಯಿ ಹೂವಿನ ಪರಾಗಕೋಶ ಕೀಳುವಾಗ ಒಂದು ಉಳಿದರೂ ಸಾಕು, ಬರುವುದು ಶುದ್ಧ ಗೋಧಿಯೇ. ಮೊದಲ ಪೀಳಿಗೆಯ ಬೀಜ ದುಂಡಗೆ ತುಂಬಿಕೊಂಡಿದ್ದರೆ ಅನುಮಾನಿಸಿ. ದೂರದ ಸಂಕರದ ಬೀಜ ಸಾಮಾನ್ಯವಾಗಿ ಸುಕ್ಕುಗಟ್ಟಿರುತ್ತದೆ. ಎಷ್ಟೋ ಸಲ ಒಳಗಿನ ಭ್ರೂಣವನ್ನು ಎರಡು ವಾರದ ಹೊತ್ತಿಗೆ ತೆಗೆದು ಕೃತಕ ಮಾಧ್ಯಮದಲ್ಲಿ ಬೆಳೆಸದಿದ್ದರೆ ಉಳಿಯುವುದೇ ಇಲ್ಲ. ಬೀಜವೇ ಕಟ್ಟದಿದ್ದರೆ ಹೊರಗಿನ ಪರಾಗವನ್ನು ಒಪ್ಪಬೇಕೇ ಬೇಡವೇ ಎಂದು ನಿರ್ಧರಿಸುವ, ತಾಯಿ ಗೋಧಿಯ ಕೆಆರ್ ಜೀನ್‌ಗಳನ್ನು ನೋಡಿ. ಚೈನೀಸ್ ಸ್ಪ್ರಿಂಗ್ ತಳಿ ರೈ ಪರಾಗವನ್ನು ಸುಲಭವಾಗಿ ಒಪ್ಪುತ್ತದೆ, ಬಹಳಷ್ಟು ತಳಿಗಳು ಒಪ್ಪುವುದಿಲ್ಲ. ಇನ್ನು ಎಣಿಸಿದಾಗ ಬರೀ 21 ಗೋಧಿ ವರ್ಣತಂತುಗಳೇ ಸಿಕ್ಕರೆ ಗಂಡಿನ ಕಡೆಯವು ಪೂರ್ತಿ ಹೊರಬಿದ್ದಿವೆ ಎಂದರ್ಥ. ಗೋಧಿಗೆ ಮೆಕ್ಕೆಜೋಳದ ಪರಾಗ ಹಾಕಿದಾಗ ಮೊದಲ ಕೆಲವು ಕೋಶ ವಿಭಜನೆಗಳಲ್ಲೇ ಹೀಗಾಗುತ್ತದೆ.

ಖರ್ಚಿಲ್ಲದ ಮೊದಲ ಪರೀಕ್ಷೆ: ಲೆಕ್ಕ

ಸೂಕ್ಷ್ಮದರ್ಶಕ ಮುಟ್ಟುವ ಮೊದಲೇ ನಿಮ್ಮ ಬಳಿ ಒಂದು ಸುಳಿವಿದೆ. ಅದು ಆ 80ರಲ್ಲಿ 22.

ಒಂಟಿ ವರ್ಣತಂತು ಮಿಯೋಸಿಸ್‌ನಲ್ಲಿ ಹಿಂದೆ ಬೀಳುತ್ತದೆ. ಹಾಗಾಗಿ ಅರ್ಧ ಅಂಡಗಳಿಗೆ ಹೋಗಬೇಕಾದದ್ದು ಸುಮಾರು ಕಾಲು ಭಾಗಕ್ಕೆ ಮಾತ್ರ ಹೋಗುತ್ತದೆ. ಪರಾಗದ ಕಡೆ ಸ್ಥಿತಿ ಇನ್ನೂ ಕೆಟ್ಟದು. ಹೆಚ್ಚುವರಿ ವರ್ಣತಂತು ಹೊತ್ತ ಪರಾಗ ಸಾಮಾನ್ಯ ಪರಾಗದ ಜೊತೆ ಓಟದಲ್ಲಿ ಸೋಲುತ್ತದೆ. ಸಿಯರ್ಸ್ ಗೋಧಿಯ ಮಾನೋಸೋಮಿಕ್ (ಒಂದು ವರ್ಣತಂತು ಕಡಿಮೆ ಇರುವ) ಗಿಡಗಳಲ್ಲಿ ಕಂಡದ್ದೂ ಇದೇ ತರಹದ್ದು. 41 ವರ್ಣತಂತುಗಳ ಗಿಡವನ್ನು ಸೆಲ್ಫ್ ಮಾಡಿದರೆ ಮಕ್ಕಳಲ್ಲಿ ಸುಮಾರು ಶೇ. 24 ಮಾತ್ರ 42ಕ್ಕೆ ಮರಳುತ್ತವೆ, ಶೇ. 73 ಮತ್ತೆ 41, ಉಳಿದ ಶೇ. 3ರಲ್ಲಿ 40. ವರ್ಣತಂತುವಿನಿಂದ ವರ್ಣತಂತುವಿಗೆ ಈ ಸಂಖ್ಯೆ ಬದಲಾಗುತ್ತದೆ, ಆದರೆ ಓಟದ ದಿಕ್ಕು ಒಂದೇ.

ಹಾಗಾಗಿ ಜೀನ್ ಗೋಧಿಯೊಳಗೆ ಸೇರಿದ್ದರೆ ಸೆಲ್ಫ್ ಮಾಡಿದಾಗ ನಾಲ್ಕರಲ್ಲಿ ಮೂರು ನಿರೋಧಕ. ಒಂಟಿ ವರ್ಣತಂತುವಿನ ಮೇಲೆ ಕೂತಿದ್ದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಜಾಸ್ತಿ. ಪೂರ್ತಿ ತಲೆಕೆಳಗು, ಅಲ್ವಾ?

ಅನುಮಾನ ಉಳಿದರೆ ಅದೇ ಗಿಡವನ್ನು ಗೋಧಿಗೆ ಎರಡೂ ಕಡೆಯಿಂದ ಕೂಡಿಸಿ. ಒಮ್ಮೆ ಹೆಣ್ಣಾಗಿ, ಒಮ್ಮೆ ಗಂಡಾಗಿ. ಸೇರಿಕೊಂಡ ತುಂಡಾದರೆ ಎರಡೂ ಕಡೆ ಅರ್ಧಕ್ಕೆ ಹತ್ತಿರ ನಿರೋಧಕ ಗಿಡಗಳು ಸಿಗುತ್ತವೆ. ಒಂಟಿ ವರ್ಣತಂತುವಾದರೆ ಹೆಣ್ಣಿನ ಕಡೆಯಿಂದ ಕಾಲು ಭಾಗ, ಗಂಡಿನ ಕಡೆಯಿಂದ ಬೆರಳೆಣಿಕೆಯಷ್ಟು, ಕೆಲವೊಮ್ಮೆ ಒಂದೂ ಇಲ್ಲ. ಈ ಪರೀಕ್ಷೆಗೆ ಬೇಕಾದದ್ದು ಚಿಮಟ, ಕಾಗದದ ಚೀಲ, ಒಂದು ಹಂಗಾಮು. ನನಗೆ ಇದರ ಮೇಲೆ ಬಹಳ ನಂಬಿಕೆ.

ಚೀಲದ ಮಾತು ಬಂತು, ಇಲ್ಲೇ ಹೇಳಿಬಿಡುತ್ತೇನೆ. ಗೋಧಿ ತನ್ನ ಪರಾಗವನ್ನೇ ಬಳಸುವ ಬೆಳೆ ಎಂದು ಚೀಲ ಹಾಕದೆ ಬಿಡುವವರಿದ್ದಾರೆ. ಸಾಮಾನ್ಯ ಗೋಧಿಗೆ ಅದು ನಡೆಯುತ್ತದೆ. ಆದರೆ ಅರೆಬಂಜೆ ಮಿಶ್ರತಳಿಯ ಹೂ ಪರಾಗ ಸಿಗದೆ ದಿನಗಟ್ಟಲೆ ಬಾಯಿ ತೆರೆದು ನಿಲ್ಲುತ್ತದೆ. ಪಕ್ಕದ ಸಾಲಿನ ಪರಾಗ ಒಳಗೆ ಬೀಳುತ್ತದೆ. ಮುಂದಿನ ಪೀಳಿಗೆಯಲ್ಲಿ ಗಿಡ ಸದೃಢವಾಗಿ, ಎಣಿಕೆ ಸರಿಯಾಗಿ ಕಾಣುತ್ತದೆ. ನಿಮ್ಮ ತಳಿ ಸ್ಥಿರವಾಯಿತೆಂದು ಖುಷಿಪಡುತ್ತೀರಿ. ನಿಜದಲ್ಲಿ ಅದು ಪಕ್ಕದ ಸಾಲಿನ ಮಗು. ತೆನೆ ಹೊರಬಂದ ಕೂಡಲೇ, ಹೂ ತೆರೆಯುವ ಮೊದಲೇ ಚೀಲ ಕಟ್ಟಿ.

42 ಬಂದರೆ ಸಮಾಧಾನ ಪಡಬೇಡಿ

ಬೇರಿನ ತುದಿಯಲ್ಲಿ ಎಣಿಸುವುದು ಎಲ್ಲರಿಗೂ ಗೊತ್ತು. ಒಂದೆರಡು ಸೆಂಟಿಮೀಟರ್ ಬೇರು, ಐಸ್ ನೀರಿನಲ್ಲಿ 24 ಗಂಟೆ, ಮೂರು ಪಾಲು ಆಲ್ಕೋಹಾಲ್ ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಸ್ಥಿರೀಕರಣ, ಆಮೇಲೆ ಅಸಿಟೋಕಾರ್ಮೈನ್ ಬಣ್ಣ ಹಾಕಿ ಒತ್ತುವುದು. 43 ಬಂದರೆ ಒಂದು ಹೆಚ್ಚುವರಿ, 44 ಬಂದರೆ ಬಹುಶಃ ಜೋಡಿ ಹೆಚ್ಚುವರಿ. ಇಲ್ಲಿವರೆಗೆ ಸುಲಭ.

ಮೋಸ ಹೋಗುವುದು 42ರಲ್ಲಿ. ನಾನು ಹೀಗೆ ಮೂರು ಪೀಳಿಗೆ ಕಳೆದುಕೊಂಡಿದ್ದೇನೆ. ನಿರೋಧಕ ಗಿಡ, ಸ್ಲೈಡಿನಲ್ಲಿ 42. ತುಂಡು ಸೇರಿಕೊಂಡಿದೆ ಎಂದೇ ನೋಟ್‌ಬುಕ್ಕಿನಲ್ಲಿ ಬರೆದೆ. ಪ್ರತಿ ಪೀಳಿಗೆಯಲ್ಲೂ ನಿರೋಧಕತೆ ಜಾರುತ್ತಲೇ ಇತ್ತು, ನಾನು ತುಕ್ಕು ಹಾಯಿಸುವ ವಿಧಾನವನ್ನೇ ತಿದ್ದುತ್ತಾ ಕೂತೆ. ಕೊನೆಗೆ ಮಿಯೋಸಿಸ್ ನೋಡಿದಾಗ ಗೊತ್ತಾಯಿತು: 20 ಜೋಡಿ, ಎರಡು ಒಂಟಿ. ಒಂದು ಗೋಧಿಯದು, ಇನ್ನೊಂದು ಕಾಡುಹುಲ್ಲಿನದು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬಂದು ನಿಂತಿದ್ದರು, ಅಷ್ಟೇ. ಮೊತ್ತ ಮಾತ್ರ 42. ಬೇರಿನ ಸ್ಲೈಡಿನಲ್ಲಿ ಬರೀ ಎಣಿಸಿದರೆ ಇದು ಎಂದಿಗೂ ಕಾಣುವುದಿಲ್ಲ.

ಇನ್ನೊಂದು ವಿಷಯ. ಆರಂಭದ ಪೀಳಿಗೆಗಳಲ್ಲಿ ಒಂದೇ ಬೇರಿನಲ್ಲಿ 41, 42, 43 ಎಲ್ಲ ಸಿಗಬಹುದು. ಒಂದೆರಡು ಕೋಶ ಎಣಿಸಿ ನಿರ್ಧರಿಸಬೇಡಿ, ಹತ್ತಾದರೂ ಎಣಿಸಿ. ಬೇರಿನಲ್ಲಿರುವುದೇ ತೆನೆಯಲ್ಲೂ ಇರುತ್ತದೆ ಎಂಬ ಖಾತರಿಯೂ ಇಲ್ಲ. ಅನುಮಾನದ ಗಿಡದಲ್ಲಿ ಪ್ರತಿ ತೆನೆಯ ಬೀಜವನ್ನು ಬೇರೆ ಬೇರೆ ಕವರಿನಲ್ಲಿ ಇಡಿ.

ಹೊಡೆ ಬಿಚ್ಚಿ ನೋಡುವುದು

ನನ್ನ ಮಟ್ಟಿಗೆ ಇಡೀ ಹುಡುಕಾಟದ ಮುಖ್ಯ ಹೆಜ್ಜೆ ಇದು. ಮಾರ್ಕರ್ ಬಂದ ಮೇಲೆ ಇದನ್ನು ಬಿಟ್ಟವರೇ ಜಾಸ್ತಿ. ಬಿಡಬಾರದಿತ್ತು.

ಗಿಡ ಹೊಡೆ ತುಂಬಿಕೊಂಡು, ತೆನೆ ಇನ್ನೂ ಕೊನೆಯ ಎಲೆಯ ಕವಚದೊಳಗೇ ಇರುವಾಗ ಕತ್ತರಿಸಿ. ಹೊರಗೆ ಬಂದಿದ್ದರೆ ತಡವಾಯಿತು. ಮಿಯೋಸಿಸ್ ಮೊದಲು ಶುರುವಾಗುವುದು ತೆನೆಯ ನಡುಭಾಗದಲ್ಲಿ, ಹಾಗಾಗಿ ಅಲ್ಲಿಂದಲೇ ಹುಡುಕಲು ಶುರು ಮಾಡಿ. ಪ್ರತಿ ಹೂವಿನಲ್ಲೂ ಮೂರು ಪರಾಗಕೋಶಗಳು. ಮೂರೂ ಒಂದೇ ಹಂತದಲ್ಲಿರುತ್ತವೆ. ಇದು ದೊಡ್ಡ ಅನುಕೂಲ. ಒಂದನ್ನು ಅಸಿಟೋಕಾರ್ಮೈನ್ ಹನಿಯಲ್ಲಿ ಒಡೆದು ನೋಡಿ. ಹಂತ ಸರಿಯಿದ್ದರೆ ಉಳಿದೆರಡನ್ನು ಸ್ಥಿರೀಕರಣ ದ್ರವಕ್ಕೆ ಹಾಕಿಡಿ. ಪರಾಗಕೋಶ ತಿಳಿ ಹಸಿರಾಗಿ, ಅರೆ ಪಾರದರ್ಶಕವಾಗಿರಬೇಕು. ಹಳದಿಗೆ ತಿರುಗಿದ್ದರೆ ಪರಾಗವೇ ಆಗಿಬಿಟ್ಟಿದೆ, ಸುಮ್ನೆ ಸಮಯ ಹಾಳು. 20 ಡಿಗ್ರಿ ಉಷ್ಣತೆಯಲ್ಲಿ ಗೋಧಿಯ ಮಿಯೋಸಿಸ್ ಪೂರ್ತಿ ಮುಗಿಯಲು ಬರೀ 24 ಗಂಟೆ ಸಾಕು. ಬೆಳಿಗ್ಗೆ ಸಿಗದಿದ್ದ ಹಂತ ಸಂಜೆಗೆ ಸಿಗಬಹುದು, ಮರುದಿನಕ್ಕೆ ಮುಗಿದೇ ಹೋಗಿರಬಹುದು.

ಸ್ಲೈಡಿನಲ್ಲಿ ಏನು ನೋಡಬೇಕು? ಮೊದಲ ಮೆಟಾಫೇಸ್‌ನಲ್ಲಿ ಆರೋಗ್ಯದ ಗೋಧಿಗೆ 21 ಜೋಡಿ ಇರುತ್ತವೆ. ಹೆಚ್ಚಿನವು ಉಂಗುರದ ಹಾಗೆ, ಕೆಲವು ಕಡ್ಡಿಯ ಹಾಗೆ, ಎಲ್ಲ ನಡುಗೆರೆಯ ಮೇಲೆ ಸಾಲಾಗಿ. ಒಂಟಿ ವರ್ಣತಂತು ಆ ಸಾಲಿಗೆ ಸೇರುವುದಿಲ್ಲ, ಪಕ್ಕದಲ್ಲಿ ಅಲೆಯುತ್ತಿರುತ್ತದೆ. 21 ಜೋಡಿ ಮತ್ತು ಒಂದು ಒಂಟಿ ಇದ್ದರೆ ಹೆಚ್ಚುವರಿ ವರ್ಣತಂತು. 20 ಜೋಡಿ ಮತ್ತು ಎರಡು ಒಂಟಿ ಇದ್ದರೆ ಮೇಲೆ ಹೇಳಿದ ಅದಲುಬದಲು. 22 ಜೋಡಿ ಇದ್ದರೆ ಹೆಚ್ಚುವರಿಗೆ ಜೊತೆ ಸಿಕ್ಕಿದೆ, ತಳಿ ಸ್ವಲ್ಪ ಸ್ಥಿರ. ಆದರೂ ಅದು ಕ್ರಮೇಣ 42ಕ್ಕೆ ಜಾರುವ ತಳಿಯೇ. ಮುಂದಿನ ಹಂತಗಳಲ್ಲಿ ಎರಡು ಧ್ರುವಗಳ ನಡುವೆ ಹಿಂದುಳಿದ ವರ್ಣತಂತು ಕಾಣುತ್ತದೆ. ನಾಲ್ಕು ಕೋಶಗಳ ಗೊಂಚಲಿನಲ್ಲಿ ಮುಖ್ಯ ಕೇಂದ್ರದ ಪಕ್ಕ ಪುಟ್ಟ ಚುಕ್ಕೆಯೊಂದು ಕಂಡರೆ ಅದೇ ಕಳೆದುಹೋದ ವರ್ಣತಂತು. ನಿಮ್ಮ ನಿರೋಧಕತೆ ಆ ಚುಕ್ಕೆಯೊಳಗೆ ಕೂತಿದೆ.

ಒಂದು ಎಚ್ಚರಿಕೆ. ಸಾಮಾನ್ಯ ಗೋಧಿಯಲ್ಲೂ ಅಪರೂಪಕ್ಕೆ ಒಂಟಿ ಕಾಣುತ್ತದೆ. ಬಿಸಿ ಜಾಸ್ತಿಯಾದರೆ ಇನ್ನೂ ಹೆಚ್ಚು. ಅದೇ ದಿನ, ಅದೇ ಕೋಣೆಯಲ್ಲಿ ಬೆಳೆದ ತಾಯಿ ಗೋಧಿಯ ಸ್ಲೈಡನ್ನೂ ಪಕ್ಕದಲ್ಲಿಟ್ಟು, ಐವತ್ತು ಕೋಶ ನೋಡಿ ಹೋಲಿಸಿ.

ಒಂಟಿಗಳಿಂದ ಕೇಡು ಮಾತ್ರ ಅಲ್ಲ, ಲಾಭವೂ ಇದೆ. ಒಂಟಿ ವರ್ಣತಂತು ಕೆಲವೊಮ್ಮೆ ನಡುವೆ, ಎರಡು ತೋಳು ಸೇರುವ ಸೆಂಟ್ರೋಮಿಯರ್‌ನಲ್ಲೇ ಸೀಳುತ್ತದೆ. ಗೋಧಿಯದೊಂದು, ಕಾಡಿನದೊಂದು ಒಂದೇ ಕೋಶದಲ್ಲಿ ಹೀಗೆ ಸೀಳಿದರೆ ಇದರ ತೋಳು ಅದಕ್ಕೆ ಅಂಟಿಕೊಳ್ಳಬಹುದು. ಲೋಕದ ಎಷ್ಟೋ ಗೋಧಿ ತಳಿಗಳಲ್ಲಿರುವ 1ಬಿಎಲ್–1ಆರ್‌ಎಸ್ ಜೋಡಣೆ (ಗೋಧಿಯ 1ಬಿಯ ಉದ್ದ ತೋಳಿಗೆ ರೈನ 1ಆರ್‌ನ ಗಿಡ್ಡ ತೋಳು) ಈ ತರಹದ್ದೇ. ರೈನ ಆ ಒಂದು ತೋಳಿನ ಜೊತೆ ಎಸ್‌ಆರ್31, ಎಲ್‌ಆರ್26, ವೈಆರ್9, ಪಿಎಂ8 ಎಂಬ ನಾಲ್ಕು ನಿರೋಧಕ ಜೀನ್‌ಗಳೂ ಬಂದವು (ಮೊದಲ ಮೂರು ತುಕ್ಕಿಗೆ, ಕೊನೆಯದು ಬೂದಿರೋಗಕ್ಕೆ). ಹಾಗಾಗಿ 20 ಜೋಡಿ ಎರಡು ಒಂಟಿಯ ಗಿಡವನ್ನು ಎಸೆಯಬೇಡಿ. ಅದರ ಮಕ್ಕಳಲ್ಲಿ ನೂರಾರನ್ನು ಜರಡಿ ಹಿಡಿದರೆ ಇಂಥ ಜೋಡಣೆ ಸಿಗುವ ಅವಕಾಶ ಇದೆ.

ಗಿಶ್ ತೋರಿಸಿದ್ದನ್ನು ಓದುವುದು

ಗಿಶ್ ಎಂದರೆ ಹೊರಗಿನ ವರ್ಣತಂತುವನ್ನು ಬಣ್ಣದಿಂದ ಗುರುತಿಸುವ ವಿಧಾನ. ಕಾಡುಹುಲ್ಲಿನ ಡಿಎನ್‌ಎಗೆ ಬಣ್ಣ ಹಚ್ಚಿ, ಬಣ್ಣವಿಲ್ಲದ ಗೋಧಿ ಡಿಎನ್‌ಎಯನ್ನು ತಡೆಯಾಗಿ ಬೆರೆಸಿ ಸ್ಲೈಡಿಗೆ ಹಾಕುತ್ತೇವೆ. ಹೊರಗಿನ ತುಂಡು ಹೊಳೆಯಬೇಕು. ಎಲ್ಲವೂ ಹೊಳೆದರೆ ತಡೆ ಡಿಎನ್‌ಎ ಸಾಲದು. ಏನೂ ಹೊಳೆಯದಿದ್ದರೆ ಅವಸರಪಟ್ಟು 'ತುಂಡು ಇಲ್ಲ' ಎಂದು ಬರೆಯಬೇಡಿ. ಅದೇ ಕಾಡುಹುಲ್ಲಿನ ವರ್ಣತಂತು ಇದೆ ಎಂದು ಖಚಿತವಿರುವ ತಳಿಯ ಸ್ಲೈಡೊಂದು ಅದೇ ಬ್ಯಾಚಿನಲ್ಲಿ ಇರಲೇಬೇಕು. ಅದು ಹೊಳೆದು, ನಿಮ್ಮದು ಹೊಳೆಯದೆ, ಮಾರ್ಕರ್ ಮಾತ್ರ ಇದೆ ಎನ್ನುತ್ತಿದ್ದರೆ ತುದಿಯಲ್ಲಿ ಬಹಳ ಸಣ್ಣ ತುಂಡು ಸೇರಿರಬಹುದು. ಗಿಶ್ ಕಣ್ಣಿಗೆ ಬೀಳದಷ್ಟು ಸಣ್ಣದು. ಅದು ಕೆಟ್ಟ ಸುದ್ದಿಯಲ್ಲ, ನಿಮಗೆ ಬೇಕಾದದ್ದೇ ಅದು.

ಈಜಿಲಾಪ್ಸ್ ಟೌಶಿಯೈ ಎಂಬ ಕಾಡುಹುಲ್ಲಿನ ಜೊತೆ ಕೆಲಸ ಮಾಡುವವರಿಗೆ ಗಿಶ್ ಉಪಯೋಗಕ್ಕೆ ಬರುವುದಿಲ್ಲ. ಗೋಧಿಯ ಡಿ ಗುಂಪು ಬಂದಿರುವುದೇ ಅದರಿಂದ. ಬಣ್ಣ ಎರಡನ್ನೂ ಬೇರೆ ಮಾಡುವುದಿಲ್ಲ. ಒಳ್ಳೆಯ ಮಾತೆಂದರೆ ಅಲ್ಲಿ ಜೋಡಿಯಾಗುವ ಸಮಸ್ಯೆಯೇ ಇಲ್ಲ, ಡಿ ಜೊತೆ ಅದು ತಾನಾಗಿ ತುಂಡು ಬದಲಿಸಿಕೊಳ್ಳುತ್ತದೆ.

ತುಂಡು ಗೋಧಿಯ ಯಾವ ವರ್ಣತಂತುವಿಗೆ ಸೇರಿದೆ ಎಂಬುದು ಗಿಶ್‌ನಿಂದ ಮಾತ್ರ ತಿಳಿಯುವುದಿಲ್ಲ. ಪಿಎಸ್‌ಸಿ119.2, ಪಿಎಎಸ್1 ತರಹದ ಪ್ರೋಬ್ (ನಿರ್ದಿಷ್ಟ ಜಾಗಕ್ಕೆ ಅಂಟುವ ಬಣ್ಣದ ಡಿಎನ್‌ಎ ತುಂಡು) ಹಾಕಿ ಪಟ್ಟೆಗಳ ವಿನ್ಯಾಸ ನೋಡಿ. 1ನೇ ಸಂಖ್ಯೆಯ ಕಾಡು ತೋಳು ಗೋಧಿಯ 1ನೇ ಸಂಖ್ಯೆಯ (1ಎ, 1ಬಿ ಅಥವಾ 1ಡಿ) ತೋಳಿನ ಜಾಗಕ್ಕೇ ಬಂದಿದ್ದರೆ ಗಿಡಕ್ಕೆ ಹೆಚ್ಚು ನಷ್ಟವಿಲ್ಲ. 5ನೇ ಸಂಖ್ಯೆಯದರ ಜಾಗಕ್ಕೆ ಬಂದಿದ್ದರೆ ಗೋಧಿ ಜೀನ್‌ಗಳು ಕಳೆದು ಗಿಡ ಸೊರಗುತ್ತದೆ.

ಪಿಎಚ್1ಬಿ ಬಳಸಿದರೂ ಮರುಜೋಡಣೆ ಆಗುತ್ತಿಲ್ಲ

ಸಿಯರ್ಸ್ 1977ರಲ್ಲಿ ಚೈನೀಸ್ ಸ್ಪ್ರಿಂಗ್‌ನಲ್ಲಿ ಪಡೆದ ಪಿಎಚ್1ಬಿ, ಕಾವಲು ಜೀನ್ ಇರುವ ಭಾಗವೇ ಕಳಚಿಹೋದ ರೂಪ. ಎರಡೂ ಪ್ರತಿ ಪಿಎಚ್1ಬಿ ಆದಾಗ ಮಾತ್ರ ನೆಂಟ ವರ್ಣತಂತುಗಳು ಚೆನ್ನಾಗಿ ಜೋಡಿಯಾಗಿ ತುಂಡು ಬದಲಿಸಿಕೊಳ್ಳುತ್ತವೆ, ಅದೇ ಮರುಜೋಡಣೆ. ಒಂದೇ ಪ್ರತಿ ಇದ್ದರೆ ಪ್ರಯೋಜನವಿಲ್ಲ.

ತಪ್ಪು ಹೆಚ್ಚಾಗಿ ಪಿಸಿಆರ್‌ನಲ್ಲೇ (ಡಿಎನ್‌ಎ ತುಂಡನ್ನು ಹೆಚ್ಚಿಸಿ ನೋಡುವ ಪರೀಕ್ಷೆ) ಆಗುತ್ತದೆ. ಭಾಗ ಕಳಚಿರುವುದರಿಂದ ಅಲ್ಲಿನ ಮಾರ್ಕರ್‌ನ ಪಟ್ಟಿ ಬರದೇ ಇರುವುದೇ ಪಿಎಚ್1ಬಿಗೆ ಗುರುತು. ಆದರೆ ಡಿಎನ್‌ಎ ಕೆಟ್ಟಿದ್ದರೂ ಪಟ್ಟಿ ಬರುವುದಿಲ್ಲ! ಅದೇ ಟ್ಯೂಬಿನಲ್ಲಿ ಬೇರೆ ವರ್ಣತಂತುವಿನ ಇನ್ನೊಂದು ಮಾರ್ಕರ್ ಜೋಡಿಸಿ. ಆ ಪಟ್ಟಿ ಬಂದು ಇದು ಬರದಿದ್ದರೆ ಮಾತ್ರ ಗಿಡವನ್ನು ಒಪ್ಪಿಕೊಳ್ಳಿ. ಆಮೇಲೆ ಮಿಯೋಸಿಸ್ ನೋಡಿ. ನಿಜವಾದ ಪಿಎಚ್1ಬಿ ಗಿಡದಲ್ಲಿ ಮೂರು ನಾಲ್ಕು ವರ್ಣತಂತುಗಳು ಕೂಡಿದ ಸರಪಣಿಗಳು ಕಾಣಬೇಕು.

ಎರಡನೆಯ ತಪ್ಪು ಹಳೇ ಬೀಜ. ಪಿಎಚ್1ಬಿ ತಳಿಯನ್ನು ವರ್ಷಾನುಗಟ್ಟಲೆ ಸೆಲ್ಫ್ ಮಾಡುತ್ತಾ ಬಂದರೆ ಗೋಧಿಯ ಎ, ಬಿ, ಡಿಗಳೇ ತಮ್ಮತಮ್ಮಲ್ಲಿ ತುಂಡು ಬದಲಿಸಿಕೊಂಡಿರುತ್ತವೆ. ನೀವು ಕಾಡುಹುಲ್ಲಿನ ದೋಷ ಎಂದುಕೊಳ್ಳುವ ಬಂಜೆತನ ಈ ತಳಿಯಿಂದಲೇ ಬಂದಿರಬಹುದು. ಹಾಗಾಗಿ ಮರುಜೋಡಣೆಗೆ ಒಂದು ಪೀಳಿಗೆ ಅವಕಾಶ ಕೊಟ್ಟು, ತಕ್ಷಣ ಪಿಎಚ್1 ಇರುವ ಗೋಧಿಗೆ ಬ್ಯಾಕ್‌ಕ್ರಾಸ್ ಮಾಡಿ ಕಾವಲನ್ನು ಮರಳಿಸಿ. ಕಾವಲಿನ ಮುಖ್ಯ ಅಂಶ 5ಬಿಯಲ್ಲಿರುವ ಜಿಪ್4 ಜೀನ್‌ನ ಪ್ರತಿ ಎಂದು ಈಗ ಗೊತ್ತಾಗಿದೆ. 2017ರಿಂದ ಅದರ ರೂಪಾಂತರಿಗಳನ್ನು ಪಿಎಚ್1ಬಿಯ ಬದಲಿಗೆ ಬಳಸುವ ದಾರಿಯೂ ತೆರೆದಿದೆ.

ಎಲ್ಲ ಸರಿಯಿದ್ದೂ ಆಗದಿದ್ದರೆ ಜೀನ್ ಇರುವ ಜಾಗ ನೋಡಿ. ತುಂಡುಗಳ ಅದಲುಬದಲು ಹೆಚ್ಚಾಗಿ ತೋಳುಗಳ ತುದಿಯ ಕಡೆ ನಡೆಯುತ್ತದೆ. ಸೆಂಟ್ರೋಮಿಯರ್ ಹತ್ತಿರದ ಜೀನ್‌ಗೆ ಕಾಯುತ್ತಾ ಕೂತರೆ ಸಿಗುವುದು ಕಷ್ಟ. ರೈನ ಕೆಲವು ವರ್ಣತಂತುಗಳಲ್ಲಿ ಜೀನ್‌ಗಳ ಸಾಲೇ ಗೋಧಿಗಿಂತ ಬೇರೆ, ಅಲ್ಲಿ ಜೋಡಿಯೇ ಸರಿಯಾಗಿ ಆಗುವುದಿಲ್ಲ. ಆಗ ವಿಕಿರಣದ ದಾರಿ ಉಳಿಯುತ್ತದೆ. 1956ರಲ್ಲಿ ಸಿಯರ್ಸ್ ಎಕ್ಸ್‌ರೇ ಬಳಸಿಯೇ ಈಜಿಲಾಪ್ಸ್ ಅಂಬೆಲ್ಯುಲಾಟಾದ ಎಲ್‌ಆರ್9 ಜೀನನ್ನು ಗೋಧಿಗೆ ತಂದರು. ಆದರೆ ಅಲ್ಲಿ ತುಂಡು ಎಲ್ಲಿ ಹೋಗಿ ಕೂರುತ್ತದೆಂದು ನಿಮ್ಮ ಕೈಯಲ್ಲಿಲ್ಲ.

ತದ್ವಿರುದ್ಧದ ದೋಷ: ಕಾಡಿನ ವರ್ಣತಂತು ಬಿಟ್ಟು ಹೋಗುತ್ತಲೇ ಇಲ್ಲ

ಎಷ್ಟು ಬ್ಯಾಕ್‌ಕ್ರಾಸ್ ಮಾಡಿದರೂ ಎಲ್ಲ ಮಕ್ಕಳಲ್ಲೂ ಅದೇ ವರ್ಣತಂತು, ಜೊತೆಗೆ ಅರ್ಧ ಬೀಜ ಕಟ್ಟುವುದಿಲ್ಲ. ಇದು ಸ್ಥಿರತೆಯಲ್ಲ, ಗ್ಯಾಮೆಟೋಸೈಡಲ್ ಜೀನ್. ಈಜಿಲಾಪ್ಸ್ ಸಿಲಿಂಡ್ರಿಕಾ, ಶಾರೊನೆನ್ಸಿಸ್, ಲಾಂಜಿಸ್ಸಿಮಾ, ಸ್ಪೆಲ್ಟಾಯ್ಡಿಸ್‌ಗಳಲ್ಲಿ ಇವು ಸಿಕ್ಕಿವೆ. ತನ್ನನ್ನು ಹೊತ್ತಿರದ ಅಂಡ ಮತ್ತು ಪರಾಗಗಳಲ್ಲಿ ವರ್ಣತಂತುಗಳನ್ನು ಮುರಿದುಹಾಕುತ್ತವೆ. ಹೊತ್ತಿರುವುದಷ್ಟೇ ಬದುಕುತ್ತದೆ. ಎಂಡೊ ಮತ್ತು ಗಿಲ್ 1996ರಲ್ಲಿ ಈ ಗುಣವನ್ನೇ ಬಳಸಿ ಚೈನೀಸ್ ಸ್ಪ್ರಿಂಗ್‌ನಲ್ಲಿ 436 ಡಿಲೀಷನ್ (ವರ್ಣತಂತುವಿನ ತುಂಡು ಕಳಚಿದ) ತಳಿಗಳನ್ನು ಕೊಟ್ಟರು. ನಿಮ್ಮ ಗುರಿ ತುಕ್ಕು ನಿರೋಧಕತೆಯಾದರೆ ಈ ವರ್ಣತಂತುವಿನ ಸಹವಾಸ ಬೇಡ. ನಿಮ್ಮ ಜೀನ್ ಅದರ ಮೇಲೇ ಇದ್ದರೆ ಎರಡನ್ನೂ ಬೇರೆ ಮಾಡುವ ಮರುಜೋಡಣೆ ಸಿಗುವವರೆಗೆ ಮುಂದೆ ಹೋಗಬೇಡಿ.

ವರ್ಣತಂತು ಇದೆ, ತುಕ್ಕೂ ಇದೆ

ಗಿಶ್ ಹೊಳೆಯುತ್ತಿದೆ, ಮಾರ್ಕರ್ ಸರಿಯಿದೆ, ಆದರೂ ಗಿಡ ರೋಗಕ್ಕೆ ಬೀಳುತ್ತಿದೆ. ಆಗ ವರ್ಣತಂತುವನ್ನು ಬಿಟ್ಟು ಎರಡು ಕಡೆ ನೋಡಿ.

ಒಂದು, ಗೋಧಿಯೇ ಅದನ್ನು ಅದುಮುತ್ತಿರಬಹುದು. ರೈನಿಂದ ಬಂದ ಪಿಎಂ8, ಗೋಧಿಯ ಪಿಎಂ3 ಇರುವ ಕೆಲವು ತಳಿಗಳಲ್ಲಿ ಕೆಲಸ ಮಾಡುವುದಿಲ್ಲ. 7ಡಿಯ ಉದ್ದ ತೋಳಿನಲ್ಲಿರುವ ಅಂಶವೊಂದು ಕಾಂಡದ ತುಕ್ಕಿನ ನಿರೋಧಕತೆಯನ್ನು ಅದುಮುತ್ತದೆ. ಅದೇ ತುಂಡನ್ನು ಬೇರೆ ಎರಡು ಮೂರು ಗೋಧಿ ತಳಿಗಳಿಗೆ ದಾಟಿಸಿ ನೋಡಿದರೆ ಗೊತ್ತಾಗುತ್ತದೆ.

ಎರಡು, ತುಕ್ಕೇ ಬದಲಾಗಿರಬಹುದು. ಯುಜಿ99 ಎಂದು ಹೆಸರಾದ ಕಾಂಡದ ತುಕ್ಕು 1998ರಲ್ಲಿ ಉಗಾಂಡಾದಲ್ಲಿ ಕಂಡಾಗ ಎಸ್‌ಆರ್31 ಸೋತಿತು. ರೈ ತೋಳು ಎಲ್ಲಿಗೂ ಹೋಗಿರಲಿಲ್ಲ. ಯಾವ ರೋಗಾಣು ತಳಿಯಿಂದ ಪರೀಕ್ಷೆ ಮಾಡಿದ್ದೆಂದು ಪ್ರತಿ ಸಲ ಬರೆದಿಡಿ. ಹಳೇ ರೋಗಾಣುವಿನ ಮಾದರಿ ಉಳಿಸಿಕೊಂಡಿದ್ದರೆ ಅದರಿಂದಲೇ ಮತ್ತೊಮ್ಮೆ ಪರೀಕ್ಷಿಸಿ.

ಎಲ್ಲ ಸರಿ, ಆದರೆ ಹಿಟ್ಟು ಸರಿ ಇಲ್ಲ

ಸೇರಿದ ತುಂಡು ಜಾಸ್ತಿ ಉದ್ದವಾದರೆ ಬೇಡದ ಜೀನ್‌ಗಳೂ ಬರುತ್ತವೆ. 1ಆರ್‌ಎಸ್ ಜೊತೆ ರೈನ ಸೆಕಾಲಿನ್ ಪ್ರೋಟೀನ್ ಬಂದು, ಗೋಧಿಯ ಗ್ಲುಟೆನ್ ಜೀನ್ ಕೆಲವು ಹೋಗಿ, ಹಿಟ್ಟು ಅಂಟಂಟಾಗುತ್ತದೆ. ಥೈನೋಪೈರಮ್ ಪಾಂಟಿಕಮ್ ಎಂಬ ಕಾಡುಹುಲ್ಲಿನ ಎಲ್‌ಆರ್19 ಜೊತೆ ಹಿಟ್ಟಿಗೆ ಹಳದಿ ಬಣ್ಣ ಬರುತ್ತದೆ. ಮದ್ದು ಮತ್ತೆ ಪಿಎಚ್1ಬಿಯೇ. 1ಆರ್‌ಎಸ್‌ನಲ್ಲಿ ಲುಕಾಶೆವ್‌ಸ್ಕಿ ಹೀಗೇ ಮರುಜೋಡಣೆ ಮಾಡಿ ಸೆಕಾಲಿನ್ ಭಾಗವನ್ನು ತೆಗೆದು ಗೋಧಿಯ ಭಾಗವನ್ನು ಮರಳಿ ತಂದರು. ಒಂದು ಕಡೆಯಿಂದ ಮೊಟಕಾದ ತುಂಡು, ಇನ್ನೊಂದು ಕಡೆಯಿಂದ ಮೊಟಕಾದ ತುಂಡು, ಎರಡೂ ಬೇರೆ ಬೇರೆ ಗಿಡಗಳಲ್ಲಿ ಸಿಗುತ್ತವೆ. ಆ ಎರಡನ್ನು ಕೂಡಿಸಿದರೆ, ಇಬ್ಬರಲ್ಲೂ ಇರುವ ನಡುವಿನ ಭಾಗದಲ್ಲಿ ಅದಲುಬದಲಾಗಿ ಎರಡೂ ಕಡೆ ಮೊಟಕಾದ ಸಣ್ಣ ತುಂಡು ಬರುತ್ತದೆ. ಈ ಹಂತದಲ್ಲಿ ಪಿಎಚ್1 ಇರಲಿ. ನಡುಭಾಗ ಇಬ್ಬರಲ್ಲೂ ಒಂದೇ ಆದ್ದರಿಂದ ಅದು ಅಡ್ಡಿ ಮಾಡುವುದಿಲ್ಲ. ತುಂಡಿನ ಎರಡೂ ತುದಿಗೆ ಒಂದೊಂದು ಮಾರ್ಕರ್, ನಡುವೆ ಜೀನ್‌ಗೆ ಒಂದು, ಒಟ್ಟು ಮೂರನ್ನು ಮೊದಲೇ ಸಿದ್ಧ ಮಾಡಿಕೊಂಡಿರಿ. ಬಿತ್ತುವ ಗಿಡಗಳ ಸಂಖ್ಯೆ ಸಾವಿರ ದಾಟಿದರೂ ಹುಡುಕಬೇಕಾದದ್ದು ತುದಿಯ ಎರಡೂ ಇಲ್ಲದೆ ನಡುವಿನದು ಮಾತ್ರ ಇರುವ ಗಿಡವನ್ನು.